ಗೌರವ್ವ ಬರ್ಫದಲ್ಲಿಟ್ಟ ಬೀಜ

ಮಲಪ್ರಭೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಖಾನಾಪುರದಿಂದ ಜಾಂಬೋಟಿಯ ಕಡೆ ಹೊರಟ ಕಚ್ಚಾ ರಸ್ತೆಯನ್ನು ಬಿಟ್ಟು ಹೊಳೆಯತ್ತ ಇಳಿದರೆ ಒಂದು ತೋಟ. ಅಲ್ಲಿ ಸಾಲಾಗಿ ನೆಟ್ಟ ಬಿದಿರಿನ ಗಳಗಳ ನಡುವೆ ಗೌರವ್ವ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಎಡಗೈಯಲ್ಲಿ ಮಡಿಸಿದ ಕಾಗದ. ಅದರ ಮಡಿಕೆಯಲ್ಲಿ ಚಿಟಿಕೆಯಷ್ಟು ಹಳದಿ ಹುಡಿ. ಬಲಗೈಯಿಂದ ಬಳ್ಳಿಯ ಕವಲೊಂದಕ್ಕೆ ಕಟ್ಟಿದ ತೆಳುಬಟ್ಟೆಯ ಚೀಲವನ್ನು ಬಿಚ್ಚುತ್ತಾರೆ. ಒಳಗೆ ಜೋಳದ ಕಾಳಿನ ಗಾತ್ರದ ಹಸಿರು ಮೊಗ್ಗುಗಳು, ಒಂದೊಂದಕ್ಕೂ ಬಿಳಿಯ ಎಳೆಗಳು. ಪಾರಿವಾಳದ ಗರಿಯನ್ನು ಹುಡಿಯಲ್ಲಿ ಅದ್ದಿ ಆ ಎಳೆಗಳಿಗೆ ಸವರಿ, ಚೀಲವನ್ನು ಮತ್ತೆ ಮೇಲೆಳೆದು ದಾರಕ್ಕೆ ಎರಡು ಗಂಟು ಹಾಕುತ್ತಾರೆ. ಉಸಿರು ಬಿಡುವುದು ಆಮೇಲೆ.

“ಗಾಳಿ ಏಳೂದ್ರೊಳಗ ಮುಗೀಬೇಕ್ರಿ ಇದು,” ಎನ್ನುತ್ತಾರೆ, ಮುಂದಿನ ಬಳ್ಳಿಗೆ ಸರಿಯುತ್ತ. “ಗಾಳಿ ಎದ್ದರ ಯಾರ ಹುಡಿ ಯಾರ ಮನಿ ಹೊಕ್ಕತು ಅಂಬೂದು ತಿಳಿಯಂಗಿಲ್ಲ.”

ಈ ಬಳ್ಳಿಯ ಹೆಸರು ಹಾಪ್. ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ; ಕಾಗದದೊಳಗಿನ ಹುಡಿ ಗಂಡು ಹೂವಿನ ಪರಾಗ. ಹೆಣ್ಣು ಬಳ್ಳಿ ಬಿಡುವ, ಪದರು ಪದರಾದ ಹಸಿರು ಬುಗುಡಿಯಂಥ ಹೂವೇ ಬಿಯರಿಗೆ ಕಹಿಯನ್ನೂ ಕಂಪನ್ನೂ ಕೊಡುವುದು, ಅದು ಬೇಗ ಹುಳಿಯದಂತೆ ಕಾಯುವುದು. ಬೆಳಗಾವಿಯ ಕ್ಯಾಂಪಿನಲ್ಲಿ ಗೋರಾ ಸಿಪಾಯಿಗಳಿಗಾಗಿ ಕಾಯಿಸುವ ಬಿಯರಿಗೆ ಈ ಹೂ ಒಣಗಿಸಿದ ರೂಪದಲ್ಲಿ ವಿಲಾಯತಿಯಿಂದ ಡಬ್ಬಿ ಕಟ್ಟಿಕೊಂಡು ಬರುತ್ತದೆ. ನಮ್ಮ ನೆಲದಲ್ಲಿಯೇ ಬೆಳೆಯಬಲ್ಲ ಅದರ ತಳಿಯೊಂದನ್ನು ಹುಟ್ಟಿಸಲು ಏಳು ವರ್ಷಗಳಿಂದ ಬೆವರು ಸುರಿಸುತ್ತಿರುವವರು ಅಕ್ಷರ ಬಾರದ, ಬಿಯರನ್ನು ತುಟಿಗೆ ಸೋಕಿಸದ, ಕೊರಳಲ್ಲಿ ಲಿಂಗ ಧರಿಸಿದ ಈ ಹೆಂಗಸು. ವಯಸ್ಸು ನಲವತ್ತಾರೋ ನಲವತ್ತೇಳೋ, ಅವರಿಗೂ ಖಚಿತವಿಲ್ಲ.

ಗೌರವ್ವನ ತವರು ಪಾರಿಶ್ವಾಡ. ಅಪ್ಪನದು ವೀಳ್ಯದೆಲೆಯ ತೋಟ. ಬಳ್ಳಿಯನ್ನು ಮರಕ್ಕೆ ಹಬ್ಬಿಸುವುದು, ಬಾಡಿದ ತುದಿಯನ್ನು ಚಿವುಟುವುದು, ಬುಡಕ್ಕೆ ನೀರು ನಿಲ್ಲದಂತೆ ಬಸಿಗಾಲುವೆ ತೋಡುವುದು, ಇವೆಲ್ಲ ಅವರಿಗೆ ನಡೆಯಲು ಕಲಿತಷ್ಟೇ ಸಹಜವಾಗಿ ಬಂದವು. ಮದುವೆಯಾದದ್ದು ಖಾನಾಪುರದ ಬಾಳಪ್ಪನವರನ್ನು. ಎತ್ತಿನ ಗಾಡಿ ಹೊಡೆದು ರೇಲ್ವೆ ಸ್ಟೇಶನ್ನಿನಿಂದ ಸಾಮಾನು ಸಾಗಿಸುವುದು ಬಾಳಪ್ಪನವರ ಕಸುಬು. ಮಾತು ಕಡಿಮೆ. ಎತ್ತುಗಳೊಂದಿಗೆ ಆಡುವಷ್ಟನ್ನೂ ಹೆಂಡತಿಯೊಡನೆ ಆಡುವುದಿಲ್ಲವೆಂದು ಗೌರವ್ವನ ದೂರು.

ಆ ಗಾಡಿಯಲ್ಲಿಯೇ ೧೯೨೧ರ ಜನವರಿಯಲ್ಲಿ ಹಾಪ್ ಖಾನಾಪುರಕ್ಕೆ ಬಂತು. ಕ್ಯಾಂಪಿನಲ್ಲಿ ಬರ್ಫದ ಕಾರಖಾನೆ, ಅದರ ಹಿಂದೆಯೇ ಒಂದು ಸಣ್ಣ ಬಿಯರ್ ಭಟ್ಟಿ ನಡೆಸುವ ಪಾರ್ಸಿ ಶೇಠಜಿಗೆ, ಡಬ್ಬಿಯ ಹೂವಿಗೆ ಹಡಗಿನ ದಾರಿ ಕಾಯುವುದು ಸಾಕಾಗಿತ್ತು. ಇಂಗ್ಲಂಡಿನಿಂದ ಆರುನೂರು ಬೇರಿನ ತುಂಡುಗಳನ್ನು ತರಿಸಿದರು. ಮುರಗಾಂವ ಬಂದರಿನಲ್ಲಿ ಇಳಿದು, ಕ್ಯಾಸಲ್‌ರಾಕ್ ಘಟ್ಟ ಹತ್ತಿ, ರೇಲಿನಲ್ಲಿ ಬಂದ ಪೆಟ್ಟಿಗೆಗಳನ್ನು ಬಿಚ್ಚಿದಾಗ ಅರ್ಧಕ್ಕರ್ಧ ಕೊಳೆತಿದ್ದವು. ಜೀವ ಹಿಡಿದವು ಇನ್ನೂರ ಹನ್ನೆರಡು. ತೋಟದ ಉಸ್ತುವಾರಿಗೆ ಪುಣೆಯಲ್ಲಿ ಕೃಷಿ ಓದಿ ಬಂದ ತ್ರ್ಯಂಬಕರಾಯರು ನೇಮಕವಾದರು. ಬಳ್ಳಿ ಕಟ್ಟಲು ಗೊತ್ತಿರುವ ಆಳು ಬೇಕೆಂದಾಗ ಬಾಳಪ್ಪನವರು, “ನಮ್ಮಾಕಿ ಎಲಿತೋಟದಾಗ ಬೆಳದಾಕಿ,” ಎಂದರು. ಅಂದು ಅವರು ಆಡಿದ ಮಾತು ಅಷ್ಟೇ.

ಮೊದಲೆರಡು ವರ್ಷ ತೋಟ ನೋಡಿದವರೆಲ್ಲ ನಕ್ಕರು. ವಿಲಾಯತಿಯಲ್ಲಿ ಇಪ್ಪತ್ತು ಅಡಿ ಏರುವ ಬಳ್ಳಿ ಇಲ್ಲಿ ಎದೆಮಟ್ಟಕ್ಕೆ ಬರುವಷ್ಟರಲ್ಲಿ ಹೂ ಬಿಟ್ಟು ಸುಮ್ಮನಾಗುತ್ತಿತ್ತು. ರಾಯರು ಗೊಬ್ಬರ ಬದಲಿಸಿದರು, ನೀರಿನ ದಿನ ಬದಲಿಸಿದರು, ಕೊನೆಗೆ ಇಂಗ್ಲಂಡಿಗೆ ಕಾಗದ ಬರೆದರು. ಅಲ್ಲಿಯ ಬೆಳೆಗಾರರೊಬ್ಬರಿಂದ ಉತ್ತರ ಬಂತು. ಅಲ್ಲಿ ಬೇಸಿಗೆಯ ಹಗಲು ಹದಿನಾರು ತಾಸು, ನಿಮ್ಮಲ್ಲಿ ಹದಿಮೂರೂ ತುಂಬುವುದಿಲ್ಲ, ಹಗಲು ಕಿರಿದಾದರೆ ಬಳ್ಳಿ ಚಳಿಗಾಲ ಬಂತೆಂದು ತಿಳಿದು ಅವಸರದಲ್ಲಿ ಹೂ ಬಿಡುತ್ತದೆ, ಇದಕ್ಕೆ ಮದ್ದಿಲ್ಲ.

ರಾಯರು ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದ್ದನ್ನು ಗೌರವ್ವ ಬುಟ್ಟಿ ಹೆಣೆಯುತ್ತ ಕೇಳಿದರಂತೆ. “ಎಲ್ಲಾ ಬಳ್ಳಿ ಒಂದ ಸಮ ಅವಸರ ಮಾಡಂಗಿಲ್ರಿ ರಾಯರ,” ಎಂದರು. “ಏಳನೇ ಸಾಲಿನ್ಯಾಗ ಒಂದು ನನ್ನ ನೆತ್ತಿ ಮ್ಯಾಲ ಹೋಗೇತಿ. ಬಾಜೂದ್ದು ಸೊಂಟಕ್ಕ ನಿಂತೈತಿ. ಒಂದ ಮಣ್ಣು, ಒಂದ ನೀರು.”

ಆ ವ್ಯತ್ಯಾಸವನ್ನು ಹಿಡಿದು, ಎತ್ತರದ್ದರಿಂದ ಇನ್ನೂ ಎತ್ತರದ್ದನ್ನು ಹುಟ್ಟಿಸಬೇಕಾದರೆ ಬೀಜ ಬೇಕು. ಬೀಜಕ್ಕೆ ಗಂಡು ಬಳ್ಳಿ ಬೇಕು. ಆದರೆ ಬೀಜ ಕಟ್ಟಿದ ಹೂವನ್ನು ಭಟ್ಟಿಯವರು ಒಲ್ಲರು. ತಪ್ಪಿ ಬಂದ ಮೂರು ಗಂಡು ಬಳ್ಳಿಗಳನ್ನು ಕಿತ್ತೊಗೆಯಲು ರಾಯರು ಹೇಳಿದ್ದರು. ಗೌರವ್ವ ಎರಡನ್ನು ಕಿತ್ತು, ಒಂದನ್ನು ದನದ ಕೊಟ್ಟಿಗೆಯ ಹಿಂದೆ ಬಿಟ್ಟಿದ್ದರು. ಮರುವರ್ಷ ಹೂವಿನಲ್ಲೆಲ್ಲ ಬೀಜ. ರಾಯರು ಸಿಟ್ಟಾದರು.

“ಕಿತ್ತು ಒಗಿ ಅಂತ ಹೇಳಿದ್ದೆನಲ್ಲ ಗೌರವ್ವ? ಯಾಕ ಬಿಟ್ಟಿ?”

“ಪಪ್ಪಾಯಿ ತೋಟದಾಗ ಒಂದರೆ ಗಂಡು ಗಿಡ ಬಿಡತೀವ್ರಿ. ಎಲ್ಲಾ ಕಿತ್ತರ ಮುಂದಿನ ವರ್ಷ ಏನ್ ಬಿತ್ತೂದು ಅಂತ ಬಿಟ್ಟೆ.”

ಅಂದಿನದನ್ನು ರಾಯರು ಈಗ ತಾವೇ ಹೇಳುತ್ತಾರೆ: “ನಾನು ಓದಿದ್ದೆ. ಗಂಡು-ಹೆಣ್ಣು ಕೂಡಿಸಿ ತಳಿ ಮಾಡೋದು ನನಗ ಗೊತ್ತಿತ್ತು. ಆದ್ರ ಈ ತೋಟದಾಗ ಅದನ್ನ ಮಾಡಬಹುದು ಅಂತ ನನಗ ಹೊಳಿಲಿಲ್ಲ. ಆಕಿಗೆ ಹೊಳೀತು.”

ಬೀಜವೇನೋ ಸಿಕ್ಕಿತು, ಮೊಳೆಯಲಿಲ್ಲ. ಕುಂಡಗಳಲ್ಲಿ, ಪಾತಿಗಳಲ್ಲಿ, ಸಗಣಿ ನೀರಿನಲ್ಲಿ ನೆನೆಸಿ, ಬೂದಿಯಲ್ಲಿ ಹೊರಳಿಸಿ ಬಿತ್ತಿದರೂ ಒಂದೂ ತಲೆ ಎತ್ತಲಿಲ್ಲ. ಇಂಗ್ಲಂಡಿನಿಂದ ಮತ್ತೊಂದು ಕಾಗದ: ಹಾಪ್ ಬೀಜ ಚಳಿಗಾಲವಿಡೀ ಹಿಮದಡಿಯಲ್ಲಿ ಒದ್ದೆ ನೆಲದಲ್ಲಿ ಮಲಗಿದ ಮೇಲೆಯೇ ಏಳುತ್ತದೆ. ಖಾನಾಪುರದಲ್ಲಿ ಹಿಮವೆಲ್ಲಿಯದು? ರಾಯರು ಕಾಗದ ಮಡಿಸಿ ಇಟ್ಟರು.

“ಹಿಮಾ ಅಂದ್ರ ಬರ್ಫ ಅಲ್ಲೇನ್ರಿ?” ಎಂದರು ಗೌರವ್ವ. “ಶೇಠಜಿ ಕಾರಖಾನ್ಯಾಗ ಬೇಕಾದಷ್ಟು ಐತೆಲ್ರಿ.”

೧೯೨೩ರ ನವೆಂಬರಿನಲ್ಲಿ ಬಾಳಪ್ಪನವರ ಗಾಡಿ ಒಂದು ವಿಚಿತ್ರ ಸರಕನ್ನು ಹೊತ್ತು ಬೆಳಗಾವಿಗೆ ಹೋಯಿತು. ಹೊಳೆಯ ಒದ್ದೆ ಮರಳು ತುಂಬಿದ ಎರಡು ಗಡಿಗೆ. ಮರಳಿನೊಳಗೆ ಒಂಬೈನೂರು ಬೀಜ. ಬರ್ಫದ ಗಟ್ಟಿಗಳನ್ನು ಕಟ್ಟಿಗೆಯ ಹೊಟ್ಟಿನಲ್ಲಿ ಹುಗಿದಿಡುವ ಕತ್ತಲೆ ಕೋಣೆಯ ಮೂಲೆಯಲ್ಲಿ ಅವು ನಲವತ್ತು ದಿನ ಕುಳಿತವು. ವಾರಕ್ಕೊಮ್ಮೆ ಗೌರವ್ವ ರೇಲು ಹತ್ತಿ ಹೋಗಿ ಮರಳು ಒಣಗದಂತೆ ನೀರು ಚಿಮುಕಿಸಿ ಬರುತ್ತಿದ್ದರು. ಆ ಕೋಣೆಯಿಂದ ಹೊರಬಂದಾಗ ಬೆರಳುಗಳಿಗೆ ಸೆರಗಿನ ಗಂಟು ಬಿಚ್ಚಲೂ ಬರುತ್ತಿರಲಿಲ್ಲವಂತೆ. ಜನವರಿಯಲ್ಲಿ ಬಿತ್ತಿದರು. ಹನ್ನೊಂದನೆಯ ದಿನ ಬೆಳಿಗ್ಗೆ ಪಾತಿಯಲ್ಲಿ ಕೆಂಪು ಕಾಂಡದ ಪುಟ್ಟ ಮೊಳಕೆ. ಸಂಜೆಗೆ ಆರು. ವಾರದ ಕೊನೆಗೆ ನೂರ ಮೂವತ್ತೊಂದು.

“ಅವತ್ತ ನಾ ಊಟಾ ಮಾಡಲಿಲ್ರಿ,” ಎಂದು ನೆನೆಯುತ್ತಾರೆ. “ಹಸಿವು ಆಗಲಿಲ್ಲ.”

ಆದರೆ ಅದೇ ವರ್ಷ ಮನೆಯ ಕಡೆ ಬೇರೊಂದು ತೊಡಕು ಹುಟ್ಟಿತು. ಗೌರವ್ವ ಬೆಳೆಯುವ ಹೂ ಯಾವುದಕ್ಕೆಂಬ ಸುದ್ದಿ ಪಾರಿಶ್ವಾಡಕ್ಕೆ ಮುಟ್ಟಿತು. ಅಣ್ಣ ಗುರುಪುತ್ರಪ್ಪ ಮಠಕ್ಕೆ ನಡೆದುಕೊಳ್ಳುವವರು, ಊರಿನಲ್ಲಿ ನಾಲ್ಕು ಮಂದಿ ಮಾತು ಕೇಳುವ ಹಿರಿಯರು. ಒಂದು ದಿನ ಖಾನಾಪುರಕ್ಕೆ ಬಂದು, ಕಟ್ಟೆಯ ಮೇಲೆ ಕೂಡದೆ ನಿಂತೇ ಮಾತಾಡಿದರು.

“ಕುಡದು ಮನಿ ಹಾಳ ಮಾಡ್ಕೊಳ್ಳೂ ಮಂದಿಗಿ ನೀ ಹೂ ಒದಗಸಾಕತ್ತಿ. ಅದ ಕೈಲೆ ಲಿಂಗಪೂಜಿ ಮಾಡತಿ. ಹೆಂಗ ಬರತೈತಿ ನಿನಗ?”

ಆ ವರ್ಷ ನಾಗರ ಪಂಚಮಿಗೆ ತವರಿನ ಗಾಡಿ ಬರಲಿಲ್ಲ. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪದ ಕರೆ ಅದು. ಓಣಿಯ ಹೆಣ್ಣುಮಕ್ಕಳೆಲ್ಲ ಉಂಡಿಯ ಬುತ್ತಿ ಕಟ್ಟಿಕೊಂಡು ತವರಿಗೆ ಹೊರಟರೆ ಇವರು ಕುರ್ಪಿ ಹಿಡಿದು ತೋಟಕ್ಕೆ ಹೋದರು. ಮರುವರ್ಷವೂ ಹಾಗೆಯೇ. ಅದರ ಮರುವರ್ಷವೂ.

ಅಣ್ಣನ ಮಾತನ್ನು ಅವರು ತಳ್ಳಿಹಾಕಿಲ್ಲ. ಕೇಳಿದರೆ ಬಹಳ ಹೊತ್ತು ಮಣ್ಣು ಕೆದರುತ್ತ ಕೂಡುತ್ತಾರೆ. ಒಮ್ಮೆ ಬೆಳಗಾವಿಯ ಸ್ಟೇಶನ್ನಿನಲ್ಲಿ ಎಳೆಯ ವಯಸ್ಸಿನ ಗೋರಾ ಸಿಪಾಯಿಯೊಬ್ಬ ಕುಡಿದು, ತನ್ನದೇ ವಾಂತಿಯಲ್ಲಿ ಬಿದ್ದು, ಯಾರನ್ನೋ ಕರೆದು ಅಳುತ್ತಿದ್ದುದನ್ನು ಕಂಡರಂತೆ. ಮರುದಿನ ತೋಟಕ್ಕೆ ಹೋಗಲಿಲ್ಲ. ಏಳು ವರ್ಷದಲ್ಲಿ ಬೇಕೆಂದೇ ತಪ್ಪಿಸಿದ್ದು ಅದೊಂದೇ ದಿನ.

“ಅಣ್ಣ ಹೇಳಿದ್ದು ಸುಳ್ಳಲ್ರಿ,” ಎನ್ನುತ್ತಾರೆ. “ಬಳ್ಳಿ ಏನೂ ತಪ್ಪ ಮಾಡಿಲ್ಲ, ಅದೂ ಖರೇ. ಎರಡೂ ಖರೇ ಇದ್ದಾಗ ಏನ್ ಮಾಡಬೇಕ್ರಿ? ಮನ್ಯಾಗ ಕುಂತೆ. ಮಧ್ಯಾಹ್ನದಾಗ ಬಿಸಲು ಏರ್ತು. ಸಸಿಗೆ ಯಾರ್ ನೀರ ಹಾಕ್ಯಾರು ಅಂತ ಜೀವ ಹೊಡಕೊಳ್ಳಾಕ ಹತ್ತಿತು. ಮರುದಿನ ಹೋದೆ.”

ಭಟ್ಟಿಯ ಮಂದಿ ಒಮ್ಮೆ ರುಚಿ ನೋಡೆಂದು ಕರೆದರೆ ಅವರು ಒಲ್ಲೆ ಎಂದಿದ್ದಾರೆ. “ಹೆರಿಗಿ ಮಾಡಿಸಿದ ಸೂಲಗಿತ್ತಿ ಕೂಸಿನ್ನ ತನ್ನ ಮನಿಗಿ ಒಯ್ಯತಾಳೇನ್ರಿ?”

ನೂರ ಮೂವತ್ತೊಂದು ಸಸಿಗಳಲ್ಲಿ ಅರ್ಧ ಗಂಡು. ಉಳಿದವುಗಳಲ್ಲಿ ಮಳೆಗಾಲದ ಬೇರುಕೊಳೆಗೆ ಇಪ್ಪತ್ತು ಹೋದವು. ೧೯೨೫ರಲ್ಲಿ ಒಂದು ಹೆಣ್ಣು ಹನ್ನೊಂದು ಅಡಿ ಏರಿತು. ಗಂಡುಗಳಲ್ಲಿಯೂ ಎಲ್ಲಕ್ಕಿಂತ ತಡವಾಗಿ ಹೂ ಬಿಟ್ಟದ್ದನ್ನು ಗೌರವ್ವ ಗುರುತು ಮಾಡಿಟ್ಟಿದ್ದರು. ಚೀಲ ಕಟ್ಟಿ, ಗರಿಯಿಂದ ಹುಡಿ ಸವರಿ ಅವೆರಡನ್ನು ಕೂಡಿಸಿದರು. ಮತ್ತೆ ಗಡಿಗೆ, ಮತ್ತೆ ಬರ್ಫ, ಮತ್ತೆ ನಲವತ್ತು ದಿನ. ರಾಯರ ದಫ್ತರದಲ್ಲಿ ಸಸಿಗಳಿಗೆ ನಂಬರು. ಗೌರವ್ವನ ಬಾಯಲ್ಲಿ ಅವಕ್ಕೆ ಹೆಣ್ಣುಮಕ್ಕಳ ಹೆಸರು. ಮುಳ್ಳು ಜಾಸ್ತಿ ಇರುವುದು ಭೀಮಕ್ಕ. ನೀರು ತಪ್ಪಿದರೆ ಕೂಡಲೇ ಬಾಡುವುದು ಮಾಯಕ್ಕ. ನಲವತ್ತೊಂದನೆಯ ನಂಬರಿನದು ಎಷ್ಟು ದಿನವಾದರೂ ಹೂ ಬಿಡಲೊಲ್ಲದೆ ಏರುತ್ತಲೇ ಇತ್ತು. ಅದಕ್ಕೆ ತೀರಿಹೋದ ಅತ್ತೆಯ ಹೆಸರಿಟ್ಟರು, ಪದ್ಮವ್ವ.

“ನಮ್ಮ ಅತ್ತಿ ಯಾವುದಕ್ಕೂ ಅವಸರ ಮಾಡಾಕಿ ಅಲ್ರಿ. ಊರಿಗಿ ಹೊಂಟ್ರ ಎಲ್ಲಾರೂ ಗಾಡ್ಯಾಗ ಕುಂತ ಮ್ಯಾಲ ಕುಬಸಾ ಹುಡಕಾಕ ಒಳಗ ಹೋಗೂವಾಕಿ.”

ಪದ್ಮವ್ವ ಗಳದ ತುದಿ ಮುಟ್ಟಿ, ಮೊದಲ ಸಲ ಮೈತುಂಬ ಹೂ ಹೊತ್ತದ್ದು ಕಳೆದ ವರ್ಷದ ಏಪ್ರಿಲಿನಲ್ಲಿ. ಅದೇ ವಾರ ಕ್ಯಾಂಪಿನಿಂದ ಶೇಠಜಿಯ ಕಾಗದವೂ ಬಂತು: ಆರು ಬೆಳೆ ಕಂಡದ್ದಾಯಿತು, ಭಟ್ಟಿಗೆ ಆರು ದಿನ ಸಾಲುವ ಹೂವಿಲ್ಲ, ತಿಂಗಳ ಕೊನೆಗೆ ತೋಟ ಕಿತ್ತು ಕಬ್ಬಿಗೆ ನೆಲ ಹದ ಮಾಡಿರಿ.

ರಾಯರು ಕಾಗದ ಬರೆಯಲು ಕೂತರು. ಬರೆದರು, ಹರಿದರು. ಗೌರವ್ವ ಕುಡುಗೋಲು ತಂದು ಪದ್ಮವ್ವನ ಬಳ್ಳಿಯನ್ನು ಬುಡದಿಂದ ಒಂದು ಗೇಣು ಮೇಲಕ್ಕೆ ಕೊಯ್ದರು. ಇರುವುದೊಂದೇ ಗಿಡವೆಂದು ರಾಯರು ಗಾಬರಿಯಾದರು.

“ಬೇರು ನೆಲದಾಗ ಐತ್ರಿ, ಮತ್ತ ಬರತೈತಿ. ತ್ವಾಟಾನ ಹ್ವಾದ್ರ ಬೇರು ಎಲ್ಲಿ ಇರತೈತಿ? ಕಾಗದಾ ಓದಿದ್ರ ಶೇಠಜಿಗೆ ತಿಳಿಯಂಗಿಲ್ಲ. ಕಣ್ಣಲೆ ನೋಡ್ಲಿ.”

ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಳ್ಳಿಯ ಸಿಂಬೆಯನ್ನು ತೊಡೆಯ ಮೇಲಿಟ್ಟುಕೊಂಡು ಗೌರವ್ವ, ಪಕ್ಕದ ಬಾಕಿನಲ್ಲಿ ರಾಯರು, ಬೆಳಗಿನ ರೇಲಿನಲ್ಲಿ ಬೆಳಗಾವಿಗೆ ಹೊರಟರು. ರೇಲಿನ ಡಬ್ಬಿಯ ತುಂಬ ಅದರ ಘಾಟು, ನಿಂಬೆಸಿಪ್ಪೆಯೂ ಹಸಿ ಹುಲ್ಲೂ ಕೂಡಿದಂಥದು. ಎದುರು ಕುಳಿತ ಮುದುಕಿ, ಯಾವ ದೇವರಿಗೆ ಒಯ್ಯುತ್ತೀ ಎಂದು ಮರಾಠಿಯಲ್ಲಿ ಕೇಳಿದಳು. ಶೇಠಜಿಗೆ ಎಂದರು ಇವರು.

ಕಾರಖಾನೆಯ ಪಡಸಾಲೆಯ ಫರಸಿಗಲ್ಲಿನ ನೆಲದ ಮೇಲೆ ಗೌರವ್ವ ಸಿಂಬೆ ಬಿಚ್ಚಿ ಬಳ್ಳಿಯನ್ನು ಉದ್ದಕ್ಕೆ ಹಾಸಿದರು. ಅದು ಬಾಗಿಲಿನಿಂದ ಶೇಠಜಿಯ ಮೇಜಿನವರೆಗೆ ಬಂತು. ಶೇಠಜಿ ಎದ್ದು ಕೈಕೋಲಿನಿಂದ ಅಳೆದರು. ಮತ್ತೊಮ್ಮೆ ಅಳೆದರು. ಹದಿನೇಳು ಅಡಿ. ಭಟ್ಟಿ ನೋಡಿಕೊಳ್ಳುವ ಗೋರಾ ಮುದುಕನನ್ನು ಕರೆಸಿದರು. ಹಳೆಯ ಸೈನಿಕ, ಬಿಯರ್ ಕಾಯಿಸುವುದರಲ್ಲಿ ಅರ್ಧ ಆಯುಷ್ಯ ಕಳೆದವನು. ಅವನು ಒಂದು ಹೂ ಕಿತ್ತು, ಅಂಗೈಗಳ ನಡುವೆ ತಿಕ್ಕಿ, ಮೂಗಿಗೆ ಹಿಡಿದ. ಇನ್ನೊಂದು ಕಿತ್ತ. ಕಣ್ಣು ಮುಚ್ಚಿ ಮೂಸಿದ. ಮೂರನೆಯದನ್ನು ಕಿತ್ತು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. ಆಮೇಲೆ ತನಗೆ ಬರುವಷ್ಟು ಹಿಂದುಸ್ತಾನಿಯಲ್ಲಿ, ಇದನ್ನು ಮಾಡಿದವರು ಯಾರೆಂದು ಕೇಳಿದ.

ಕೋಟು ತೊಟ್ಟು ನಿಂತಿದ್ದ ರಾಯರ ಮುಖವನ್ನೇ ಎಲ್ಲರೂ ನೋಡಿದರು. ರಾಯರು ಪಕ್ಕಕ್ಕೆ ಸರಿದು ಗೌರವ್ವನ ಕಡೆ ಕೈ ತೋರಿಸಿದರು.

ತೋಟ ಕೀಳುವ ಹುಕುಮು ಎರಡು ವರ್ಷ ಮುಂದಕ್ಕೆ ಹೋಯಿತು. ಪದ್ಮವ್ವನ ಬೇರು, ಗೌರವ್ವ ಹೇಳಿದ ಹಾಗೆಯೇ, ಮೇ ತಿಂಗಳಿನ ಅಡ್ಡಮಳೆಗೆ ಮತ್ತೆ ಚಿಗುರಿತು.

ಮಳೆಗಾಲದಲ್ಲಿ ಇನ್ನೊಂದು ಸಂಗತಿ ನಡೆಯಿತು. ಪಾರಿಶ್ವಾಡದ ಎಲೆತೋಟಗಳಿಗೆ ಬೇರುಕೊಳೆ ಬಂತು. ಜುಲೈಯಲ್ಲಿ ಗುರುಪುತ್ರಪ್ಪ ಕಂಬಳಿ ಹೊದ್ದು ಹಾಪ್ ತೋಟದ ಬೇಲಿಯ ಹೊರಗೆ ಬಂದು ನಿಂತರು. ಒಳಗೆ ಕರೆದರೆ ಬರಲಿಲ್ಲ. ಬೇಲಿಯ ಹೊರಗಿನಿಂದಲೇ, ಬಳ್ಳಿಯ ಬುಡಕ್ಕೆ ಏರಿಸಿದ ಮಣ್ಣನ್ನೂ, ಸಾಲಿಗೊಂದರಂತೆ ತೋಡಿದ ಬಸಿಗಾಲುವೆಗಳನ್ನೂ, ಮೊಣಕಾಲ ಮಟ್ಟದವರೆಗೆ ಎಲೆ ತೆಗೆದು ಗಾಳಿ ಆಡಲು ಬಿಟ್ಟಿದ್ದನ್ನೂ ನೋಡಿದರು.

“ಕಾಲಿವಿ ಎಷ್ಟು ಆಳ ತೋಡಿದಿ?” ಎಂದರು. ಮೂರು ವರ್ಷದ ಮೇಲೆ ಆಡಿದ ಮೊದಲ ಮಾತು.

“ಒಂದೂವರಿ ಮೊಳ. ಬುಡದಾಗಿನ ಎಲಿ ಇವತ್ತ ತಗಿ, ನಾಳೆ ಅನಬ್ಯಾಡ. ತಗದದ್ದು ತ್ವಾಟದಾಗ ಬಿಡಬ್ಯಾಡ, ಸುಡು.”

ಅವರು ತಲೆ ಆಡಿಸಿ ಹೋದರು. ತೋಟ ಅರ್ಧ ಉಳಿಯಿತೆಂದು ಆಮೇಲೆ ಸುದ್ದಿ ಬಂತು. ಪಂಚಮಿಯ ಹಿಂದಿನ ದಿನ ಮಧ್ಯಾಹ್ನ ಮನೆಯ ಮುಂದೆ ತವರಿನ ಗಾಡಿ ನಿಂತಿತ್ತು. ಗೌರವ್ವ ಹೊಸ್ತಿಲು ದಾಟಲಿಲ್ಲ.

“ನಾ ಮಾಡೂ ಕೆಲಸಾ ಬಿಟ್ಟಿಲ್ಲಣ್ಣ. ಬಿಡೂದೂ ಇಲ್ಲ. ಗೊತ್ತೈತಿಲ್ಲ?”

“ಗೊತ್ತೈತಿ,” ಎಂದರು ಗುರುಪುತ್ರಪ್ಪ, ಎತ್ತುಗಳ ಕಡೆ ನೋಡುತ್ತ. “ಗಾಡಿ ಹತ್ತು.”

ಈಗ ಪದ್ಮವ್ವನ ಬೇರಿನಿಂದ, ನೆಲಕ್ಕೆ ಬಗ್ಗಿಸಿ ಮಣ್ಣು ಮುಚ್ಚಿದ ಬಳ್ಳಿಯಿಂದ, ನಲವತ್ತೆಂಟು ಗಿಡಗಳಾಗಿವೆ. ಗೌರವ್ವ ದಿನಾ ನಸುಕಿನಲ್ಲಿ ಮೂವತ್ತು ಚೀಲ ಬಿಚ್ಚಿ ಕಟ್ಟುತ್ತಾರೆ. ಹೊತ್ತು ಏರಿದ ಮೇಲೆ ನೂರ ಎಂಬತ್ತು ಬುಡಗಳಿಗೆ ಎತ್ತು ಎಳೆಯುವ ಕಪಿಲೆಯ ನೀರು ತಿರುವುತ್ತಾರೆ. ಬಳ್ಳಿ ಗಳವನ್ನು ಎಡಕ್ಕೆ ಸುತ್ತಿದೆಯೋ ಬಲಕ್ಕೋ ನೋಡಿ ತಪ್ಪಿದ್ದನ್ನು ತಿದ್ದುತ್ತಾರೆ. ಮುಳ್ಳಿನಿಂದ ಗೀರಿದ ಮುಂಗೈಗಳಿಗೆ ಸಂಜೆ ಕೊಬ್ಬರಿ ಎಣ್ಣೆ. ಕಳೆದ ದೀಪಾವಳಿಗೆ ಖಾನಾಪುರದ ಹೂವಿನಿಂದಲೇ ಒಂದು ಪೀಪಾಯಿ ಬಿಯರ್ ಆಯಿತು. ಒಂದೇ. ಗೋರಾ ಮುದುಕ ಅದನ್ನು ಸಿಪಾಯಿಗಳ ಕ್ಯಾಂಟೀನಿಗೆ ಕೊಡದೆ ಭಟ್ಟಿಯ ಮಂದಿಗೇ ಹಂಚಿದನೆಂದು ರಾಯರು ಹೇಳುತ್ತಾರೆ. ಶೇಠಜಿ ಕೊಟ್ಟ ಗಡುವಿಗೆ ಇನ್ನೊಂದು ವರ್ಷವಿದೆ. ನಲವತ್ತೆಂಟು ಗಿಡ ಮಳೆಗಾಲ ತಡೆದಾವೇ, ಭಟ್ಟಿಗೆ ಸಾಕಾಗುವಷ್ಟು ಹೂ ಕೊಟ್ಟಾವೇ, ಯಾರೂ ಹೇಳಲಾರರು. ಗೌರವ್ವನೂ ಹೇಳುವುದಿಲ್ಲ.

ಬಿಸಿಲು ಗಳಗಳ ಮೇಲೇರಿ ಗಾಳಿ ಶುರುವಾಗುತ್ತದೆ. ಇಂದಿನ ಮೂವತ್ತನೆಯ ಚೀಲಕ್ಕೆ ಗಂಟು ಬಿದ್ದಾಗಿದೆ. ಏನಾದರೂ ಬೇಕಿದೆಯೇ ಎಂದು ಕೇಳಿದರೆ ಗೌರವ್ವ ಸ್ವಲ್ಪ ಸಂಕೋಚದಿಂದ ತೋಟದ ಮೂಲೆಯಲ್ಲಿ ಒರಗಿಸಿಟ್ಟ ಏಣಿಯನ್ನು ತೋರಿಸುತ್ತಾರೆ.

“ಅದು ಹನ್ನೆರಡು ಮೆಟ್ಟಲಿಂದು ಐತ್ರಿ. ಮೊದಲ ಮೂರು ವರ್ಷ ನೆಲದ ಮ್ಯಾಲ ನಿಂತ ಹೂ ಹರದೀವಿ, ಏಣೀನ ಇರಲಿಲ್ಲ. ಈಗ ತುದಿ ಮೆಟ್ಟಲ ಮ್ಯಾಲ ನಿಂತ್ರೂ ನನ್ನ ಕೈ ಮುಟ್ಟವಲ್ದು. ಹದಿನೈದು ಮೆಟ್ಟಲಿಂದೊಂದು ಮಾಡಿಸಿಕೊಡ್ರಿ ಅಂತ ರಾಯರಿಗೆ ಹೇಳೀನಿ.”